ಎರಡು ದಿನ ತಡವಾಗಿ ಏಳುವ ಗುಳ್ಳೆ

ಖಾನಾಪುರ ತಾಲೂಕಿನಲ್ಲಿ ಮೈ ಸುಡುವ ಮರಗಳಿಗೆ ಬರವಿಲ್ಲ. ಕಣಕುಂಬಿ, ಭೀಮಗಡದ ಕಡೆಯ ಮಳೆಕಾಡಿನಲ್ಲಿ ಹೊಳಿಗಾರವಿದೆ. ಗಾಯವಾದ ಕೂಡಲೇ ಕಪ್ಪಗಾಗುವ ಅದರ ಸೊನೆಗೆ ಕಾಡಿನ ಕೆಲಸದವರು ಹೆದರುತ್ತಾರೆ. ಅರೆಬಯಲಿಗೆ ಇಳಿದರೆ ಕಾಡುಗೇರು ಸಿಗುತ್ತದೆ. ಮರಾಠಿ ಮನೆಗಳಲ್ಲಿ ಅದು ಬಿಬ್ಬಾ, ಆಯುರ್ವೇದದವರಿಗೆ ಭಲ್ಲಾತಕ. ಗುಡ್ಡದ ಇಳಿಜಾರಿನಲ್ಲಿ ಕಾಜು. ಮೂರೂ ಮಾವಿನ ಕುಟುಂಬಕ್ಕೆ ಸೇರಿದವು. ಮಾವಿನ ಸೊನೆ ತಾಗಿ ಬಾಯಿ ಸುತ್ತ ಕರೆಗಟ್ಟಿದ ಮಕ್ಕಳನ್ನು ನೋಡಿದವರಿಗೆ ಈ ಕುಟುಂಬದ ಗುಣ ಸ್ವಲ್ಪ ಮಟ್ಟಿಗೆ ಗೊತ್ತೇ ಇರುತ್ತದೆ.

ಇವುಗಳಲ್ಲಿ ಕಾಜು ಪರದೇಶದ್ದು. ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದದ್ದು, ಗೋವೆಯಿಂದ ಘಟ್ಟ ಹತ್ತಿ ಇಲ್ಲಿನದೇ ಆಯಿತು. ಇವತ್ತು ಬೆಳಗಾವಿ, ಖಾನಾಪುರ, ಪಕ್ಕದ ಚಂದಗಡದಲ್ಲಿ ಬೀಜ ಒಡೆದು ತಿರುಳು ಬಿಡಿಸುವ ಸಣ್ಣಪುಟ್ಟ ಕಾರ್ಖಾನೆಗಳಿವೆ, ಕೂತು ಒಡೆಯುವವರಲ್ಲಿ ಹೆಚ್ಚಿನವರು ಹೆಂಗಸರು. ಕಾಜಿನ ಸಿಪ್ಪೆ ಎರಡು ಪದರದ್ದು, ನಡುವೆ ಜೇನುಗೂಡಿನಂಥ ಭಾಗದಲ್ಲಿ ಕಂದು ಬಣ್ಣದ ಎಣ್ಣೆ. ಅದರಲ್ಲಿ ಬಹುಪಾಲು ಅನಕಾರ್ಡಿಕ್ ಆಮ್ಲ, ಉಳಿದದ್ದರಲ್ಲಿ ಮುಖ್ಯವಾದದ್ದು ಕಾರ್ಡಾಲ್. ಕೈಗೆ ಔಡಲ ಎಣ್ಣೆಯನ್ನೋ ಬೂದಿಯನ್ನೋ ಸವರಿಕೊಂಡು ಕೂರುವ ರೂಢಿ ಬಂದದ್ದು ಈ ಎಣ್ಣೆಯ ಭಯದಿಂದ.

ಒಂದೇ ಕೈಯಲ್ಲಿ ಎರಡು ಬಗೆಯ ಗಾಯ ಕಾಣುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಇವೆರಡನ್ನೂ ಒಂದೇ ಎಂದುಕೊಂಡರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಎಣ್ಣೆ ಹೆಚ್ಚಾಗಿ ಬಿದ್ದರೆ ಯಾರ ಕೈಯಾದರೂ ಸುಡುತ್ತದೆ. ಅದು ಆಮ್ಲದ ಸುಡುವಿಕೆ, ಅದೇ ದಿನ, ಬಿದ್ದ ಜಾಗದಲ್ಲೇ. ಇನ್ನೊಂದು ವಿಚಿತ್ರವಾದದ್ದು. ಎಣ್ಣೆ ತೀರಾ ಸ್ವಲ್ಪ ತಾಗಿರುತ್ತದೆ, ಆ ದಿನ ಏನೂ ಇಲ್ಲ. ಮರುದಿನ ಸಣ್ಣ ತುರಿಕೆ. ಮೂರನೆಯ ದಿನ ಕೈ ಕೆಂಪಾಗಿ ಊದಿ, ನೀರು ತುಂಬಿದ ಗುಳ್ಳೆಗಳು ಸಾಲುಗಟ್ಟುತ್ತವೆ. ಪಕ್ಕದಲ್ಲಿ ಕೂತು ಅಷ್ಟೇ ಎಣ್ಣೆ ಮುಟ್ಟಿದವಳಿಗೆ ಏನೂ ಆಗಿರುವುದಿಲ್ಲ. ವಿಷವೇ ಸುಟ್ಟಿದ್ದರೆ ಎರಡು ದಿನ ಯಾಕೆ ಕಾಯಬೇಕಿತ್ತು? ಒಬ್ಬಳನ್ನು ಬಿಟ್ಟು ಒಬ್ಬಳನ್ನು ಯಾಕೆ ಹಿಡಿಯಬೇಕಿತ್ತು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದಿಳಿದ ಅಮೆರಿಕದ ಸೈನಿಕರಲ್ಲಿ ಕೆಲವರಿಗೆ ಕುತ್ತಿಗೆಯ ಹಿಂದೆ, ಸೊಂಟದ ಬಳಿ ಇಂಥದೇ ತುರಿಕೆಯ ಪಟ್ಟೆಗಳೆದ್ದವು. ಪಟ್ಟೆಯಿದ್ದ ಜಾಗಕ್ಕೆ ಸರಿಯಾಗಿ ಅಂಗಿಯ ಕಾಲರಿನ ಒಳಗೆ, ಚಡ್ಡಿಯ ಪಟ್ಟಿಯ ಮೇಲೆ ಅಗಸರು ಹಾಕಿದ ಕಪ್ಪು ಗುರುತು ಇತ್ತು. ಯಾರ ಬಟ್ಟೆ ಯಾರದ್ದೆಂದು ತಿಳಿಯಲು ಕಾಡುಗೇರಿನ ರಸದಿಂದ ಗುರುತು ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ಎಷ್ಟು ಒಗೆದರೂ ಹೋಗದು. ಲಿವಿಂಗುಡ್, ರಾಜರ್ಸ್, ಫಿಟ್ಜ್-ಹ್ಯೂ ಎಂಬ ವೈದ್ಯರು 1943ರಲ್ಲಿ ಇದನ್ನು ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆ ದೇಶದಲ್ಲಿ ಪಾಯ್ಸನ್ ಐವಿ ಎಂಬ ಬಳ್ಳಿಯಿದೆ, ಅದೂ ಮಾವಿನ ಕುಟುಂಬದ್ದೇ. ಅದರ ಎಣ್ಣೆಯಾದ ಉರುಶಿಯಾಲ್, ನಮ್ಮ ಕಾಡುಗೇರಿನ ಭಿಲಾವನಾಲ್ ಎರಡರ ರಚನೆಯೂ ಹೆಚ್ಚುಕಮ್ಮಿ ಒಂದೇ. ಊರಲ್ಲಿ ಬಳ್ಳಿ ಮುಟ್ಟಿದ್ದವನ ಚರ್ಮಕ್ಕೆ ಭಾರತದ ಅಗಸನ ಗುರುತು ಹೊಸದೇನಾಗಿರಲಿಲ್ಲ. ಹಿಂದೆ ಮುಟ್ಟಿದ್ದನ್ನು ಅದು ನೆನಪಿಟ್ಟಿತ್ತು.

ಈ ನೆನಪು ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಗಿನಿಯಿಲಿಗಳಿಂದ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಕೊನೆಗಾಲದಲ್ಲಿ ಮೆರಿಲ್ ಚೇಸ್ ಜೊತೆ ಸೇರಿ ಒಂದು ಪ್ರಯೋಗ ಮಾಡಿದ. ಅದು ಪ್ರಕಟವಾದದ್ದು 1942ರಲ್ಲಿ. ಒಂದು ರಾಸಾಯನಿಕಕ್ಕೆ ಒಗ್ಗದಂತಾದ ಗಿನಿಯಿಲಿಯ ರಕ್ತದ್ರವವನ್ನು ಬೇರೊಂದಕ್ಕೆ ಚುಚ್ಚಿದರೆ ಏನೂ ಆಗಲಿಲ್ಲ. ಅದರ ಬಿಳಿ ಕಣಗಳನ್ನು ಚುಚ್ಚಿದಾಗ, ಆ ರಾಸಾಯನಿಕವನ್ನು ಎಂದೂ ಕಂಡಿರದ ಪ್ರಾಣಿಯ ಚರ್ಮವೂ ಕೆಂಪೇರಿತು. ನೆನಪು ದ್ರವದಲ್ಲಿರಲಿಲ್ಲ, ಓಡಾಡುವ ಕಣಗಳಲ್ಲಿತ್ತು. ಚರ್ಮದ ಉರಿಯೂತದ ಬಗ್ಗೆ ಇವತ್ತು ನಮಗೆ ಗೊತ್ತಿರುವುದೆಲ್ಲ ಒಂದರ್ಥದಲ್ಲಿ ಆ ಓಡಾಟದ ದಾರಿಯ ವಿವರ.

ಪಠ್ಯಪುಸ್ತಕಗಳು ಬಿಳಿ ರಕ್ತಕಣಗಳನ್ನು ಸೈನಿಕರೆಂದು ಕರೆಯುತ್ತವೆ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಕಾಜಿನ ಎಣ್ಣೆ ವೈರಿಯಲ್ಲ, ಅಲ್ಲಿ ಗೆಲ್ಲಬೇಕಾದ ಯುದ್ಧವೂ ಇಲ್ಲ. ಮನುಷ್ಯನಿಗೆ ಕಷ್ಟ ಕೊಡುವುದು ಕಣಗಳ ಶೌರ್ಯವಲ್ಲ, ಅವು ಎಲ್ಲಿಗೆ ಹೋಗಿ ಸೇರುತ್ತವೆ ಎಂಬುದು. ಹಾಗಾಗಿ ದಾರಿಯನ್ನೇ ನೋಡೋಣ.

ಮೊದಲ ಪಯಣ ಚರ್ಮದಿಂದ ಒಳಕ್ಕೆ. ಎಣ್ಣೆಯ ಅಣು ತೀರಾ ಸಣ್ಣದು, ರೋಗನಿರೋಧಕ ಕಣಗಳ ಕಣ್ಣಿಗೆ ಅದೊಂದೇ ಬೀಳುವುದಿಲ್ಲ. ಅದು ಮೇಲ್ಚರ್ಮವನ್ನು ಹೊಕ್ಕು ನಮ್ಮದೇ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ರೂಪ ಕೆಡಿಸುತ್ತದೆ. ಅಲ್ಲಿ ಕೈಕಾಲು ಚಾಚಿದಂಥ ಕೊಂಬೆಗಳ ಕಣಗಳು ಹರಡಿಕೊಂಡಿವೆ. 1868ರಲ್ಲಿ ಬರ್ಲಿನ್‌ನಲ್ಲಿ ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಪಾಲ್ ಲ್ಯಾಂಗರ್‌ಹಾನ್ಸ್ ಚರ್ಮಕ್ಕೆ ಚಿನ್ನದ ಲವಣ ಹಚ್ಚಿ ಇವುಗಳನ್ನು ಕಂಡ, ನರದ ಕಣಗಳೆಂದು ಭಾವಿಸಿದ. ಅವು ಕಾವಲಿನ ಕಣಗಳೆಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಲ್ಯಾಂಗರ್‌ಹಾನ್ಸ್ ಕಣಗಳ ಮೈಮೇಲೆ ಸಿಡಿ1ಎ ಎಂಬ ಅಣು ದಟ್ಟವಾಗಿದೆ. ಜಿಡ್ಡಿನ ಅಣುಗಳನ್ನು ಎತ್ತಿ ತೋರಿಸುವುದು ಅದರ ಕೆಲಸ. ಉರುಶಿಯಾಲ್‌ನ ತುರಿಕೆಯಲ್ಲಿ ಈ ಸಿಡಿ1ಎ ಪಾತ್ರವಿದೆ ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಎಣ್ಣೆಯ ಗುರುತು ಹೊತ್ತ ಚರ್ಮದ ಕಣಗಳು ತಾವಿದ್ದ ಜಾಗ ಬಿಟ್ಟು ದುಗ್ಧನಾಳಗಳಲ್ಲಿ ಇಳಿಯುತ್ತವೆ. ಕೈಗೆ ತಾಗಿದ್ದರೆ ಅವು ತಲುಪುವುದು ಕಂಕುಳಿನ ದುಗ್ಧಗ್ರಂಥಿಗೆ. ಅಲ್ಲಿ ಬಿಳಿ ಕಣಗಳ ಒಂದು ಬಗೆಯಾದ ಟಿ-ಕಣಗಳು ಸದಾ ಹಾದುಹೋಗುತ್ತಿರುತ್ತವೆ; ಈ ಒಂದು ಗುರುತನ್ನು ಹಿಡಿಯಬಲ್ಲ ಟಿ-ಕಣಗಳು ಲಕ್ಷದಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಅವು ಸಿಕ್ಕ ಮೇಲೆ ಒಂದು ನಾಲ್ಕಾಗಿ, ನಾಲ್ಕು ಸಾವಿರವಾಗಿ ಹೆಚ್ಚಬೇಕು. ಇದಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಮೊದಲ ಸಲ ಕಾಡುಗೇರು ಮುಟ್ಟಿದವರು ‘ನನಗೇನೂ ಆಗಲಿಲ್ಲ’ ಎನ್ನುವುದು ಈ ದಿನಗಳಲ್ಲಿ.

ಹೆಚ್ಚಿದ ಕಣಗಳು ಗ್ರಂಥಿ ಬಿಟ್ಟು ಹೊರಡುವಾಗ ಎಲ್ಲಿಗೆ ಹೋಗಬೇಕೆಂಬುದೂ ತೀರ್ಮಾನವಾಗಿರುತ್ತದೆ. ಇಂಥ ಬಿಳಿ ಕಣಗಳು ರಕ್ತದಿಂದ ಗ್ರಂಥಿಗೆ, ಗ್ರಂಥಿಯಿಂದ ದುಗ್ಧರಸದ ಮೂಲಕ ಮತ್ತೆ ರಕ್ತಕ್ಕೆ ಸುತ್ತುತ್ತಲೇ ಇರುತ್ತವೆಂದು ಆಕ್ಸ್‌ಫರ್ಡ್‌ನ ಜೇಮ್ಸ್ ಗೋವನ್ಸ್ ಇಲಿಗಳಲ್ಲಿ ತೋರಿಸಿದ್ದು 1950ರ ದಶಕದ ಕೊನೆಗೆ. ಆದರೆ ಈ ಸುತ್ತಾಟದಲ್ಲಿ ಒಂದು ಭೇದವಿದೆ. ಕರುಳಿನ ಗ್ರಂಥಿಯಲ್ಲಿ ಕಲಿತ ಕಣ ಕರುಳಿಗೆ ಮರಳುತ್ತದೆ, ಚರ್ಮದ ಗ್ರಂಥಿಯಲ್ಲಿ ಕಲಿತದ್ದು ಚರ್ಮಕ್ಕೆ. ಚರ್ಮದ ಕಡೆಯ ಟಿ-ಕಣಗಳ ಹೊರಮೈಯಲ್ಲಿ ಸಿಎಲ್‌ಎ ಎಂಬ ಸಕ್ಕರೆ ಹೊತ್ತ ಅಣುವೊಂದು ಮೂಡುತ್ತದೆ. ಜೊತೆಗೆ ಸಿಸಿಆರ್4, ಸಿಸಿಆರ್10 ಎಂಬ ಗ್ರಾಹಿಗಳು. ಸಿಸಿಆರ್10ನ್ನು ಎಬ್ಬಿಸುವ ಸೂಚನೆಗಳಲ್ಲಿ ಒಂದು ಡಿ ವಿಟಮಿನ್. ಬಿಸಿಲು ಬಿದ್ದ ಚರ್ಮದಲ್ಲಿ ಹುಟ್ಟುವ ವಸ್ತುವೇ ‘ಚರ್ಮಕ್ಕೆ ಬಾ’ ಎಂಬ ಗುರುತು ಒತ್ತುತ್ತದೆ ಎಂದಾಯಿತು. ದೇಹದಲ್ಲಿ ಇಂಥ ಜಾಣತನ ಕಂಡಾಗ ಬೆರಗಾಗದೆ ಇರುವುದು ನನಗಂತೂ ಸಾಧ್ಯವಿಲ್ಲ.

ಈಗ ಎರಡನೆಯ ಸಲ ಎಣ್ಣೆ ತಾಗುತ್ತದೆ. ರಕ್ತದಲ್ಲಿ ತೇಲುವ ಕಣಕ್ಕೆ ಹೊರಗಿನ ಈ ವಿಷಯ ತಿಳಿಯುವುದು ಹೇಗೆ, ತಿಳಿದರೂ ರಭಸದ ಹರಿವಿನಿಂದ ಅದು ಹೊರಬರುವುದು ಹೇಗೆ? 19ನೇ ಶತಮಾನದ ನಡುವಿನವರೆಗೆ, ಕೀವಿನ ಕಣಗಳು ಗಾಯದ ಜಾಗದಲ್ಲೇ ಹುಟ್ಟುತ್ತವೆಂದು ದೊಡ್ಡದೊಡ್ಡವರು ನಂಬಿದ್ದರು; ಬರ್ಲಿನ್‌ನ ರುಡಾಲ್ಫ್ ವಿರ್ಚೋ ಅವರಲ್ಲೊಬ್ಬ. ರಕ್ತನಾಳದಿಂದ ಬಿಳಿ ಕಣ ಹೊರಬರುವುದನ್ನು ಕಂಡೆವೆಂದು ಆಗಲೇ ಒಬ್ಬಿಬ್ಬರು ಬರೆದಿದ್ದರೂ ಯಾರೂ ಕಿವಿಗೊಟ್ಟಿರಲಿಲ್ಲ. 1867ರಲ್ಲಿ ವಿರ್ಚೋನ ಶಿಷ್ಯ ಯೂಲಿಯಸ್ ಕೊನ್‌ಹೈಮ್ ಕಪ್ಪೆಯ ಕರುಳಿನ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ತಾಸುಗಟ್ಟಲೆ ನೋಡುತ್ತ ಕೂತ. ಗಾಳಿಗೆ ತೆರೆದ ಪೊರೆಗೆ ಉರಿಯೂತ ಹತ್ತಿತು. ಕೆಂಪು ಕಣಗಳು ನಡುವೆ ಓಡುತ್ತಲೇ ಇದ್ದವು, ಬಿಳಿ ಕಣಗಳು ಮಾತ್ರ ಗೋಡೆಯ ಬದಿಗೆ ಸರಿದು ನಿಂತವು. ಆಮೇಲೆ ನಾಳದ ಹೊರಮೈಯಲ್ಲಿ ಚಿಕ್ಕದೊಂದು ಉಬ್ಬು ಕಂಡಿತು, ಅದು ದೊಡ್ಡದಾಗುತ್ತ ಬಂತು, ಒಳಗಿನ ಭಾಗ ಕಿರಿದಾಯಿತು, ಕೊನೆಗೆ ಇಡೀ ಕಣ ಹೊರಗಿತ್ತು. ಗುರುವಿನ ಮಾತು ಸುಳ್ಳಾದದ್ದು ಶಿಷ್ಯ ಸುಮ್ಮನೆ ಕೂತು ನೋಡಿದ್ದರಿಂದ.

ಆ ಉಬ್ಬಿನ ಹಿಂದಿನ ಹಂತಗಳನ್ನು ಒಂದು ಸರಪಣಿಯಾಗಿ ಜೋಡಿಸಿದ್ದು 1990ರ ದಶಕದ ಆರಂಭದಲ್ಲಿ, ಯೂಜೀನ್ ಬುಚರ್, ತಿಮೊಥಿ ಸ್ಪ್ರಿಂಗರ್ ಮೊದಲಾದವರು. ಓಡುವ ಸಿಟಿ ಬಸ್ಸಿನಿಂದ ಇಳಿಯುವವರನ್ನು ಬೆಳಗಾವಿಯ ಯಾವ ವೃತ್ತದಲ್ಲಾದರೂ ನೋಡಿ: ಕಂಬಿ ಹಿಡಿದು ಕಾಲು ಕೆಳಗಿಟ್ಟು, ಬಸ್ಸಿನ ದಿಕ್ಕಿನಲ್ಲೇ ನಾಲ್ಕು ಹೆಜ್ಜೆ ಓಡಿ, ವೇಗ ತಗ್ಗಿಸಿಕೊಂಡು ನಿಲ್ಲುತ್ತಾರೆ. ಬಿಳಿ ಕಣದ ಕ್ರಮವೂ ಇದೇ. ಉರಿಯೂತ ಹತ್ತಿದ ಜಾಗದ ರಕ್ತನಾಳದ ಒಳಗೋಡೆಯಲ್ಲಿ ಸೆಲೆಕ್ಟಿನ್ ಎಂಬ ಅಣುಗಳು ತಲೆಯೆತ್ತುತ್ತವೆ. ಕಣದ ಸಿಎಲ್‌ಎ ಗುರುತು ಇ-ಸೆಲೆಕ್ಟಿನ್‌ಗೆ ಅಂಟಿ, ಬಿಟ್ಟು, ಮತ್ತೆ ಅಂಟಿ, ಕಣ ಗೋಡೆಯ ಮೇಲೆ ಉರುಳತೊಡಗುತ್ತದೆ. ಉರುಳುವಾಗ ಗೋಡೆಗೆ ಕೂತಿರುವ ಕೀಮೊಕೈನ್ ಎಂಬ ಕರೆಯ ಅಣುಗಳು ಅದರ ಗ್ರಾಹಿಗೆ ಸಿಗುತ್ತವೆ. ಕ್ಷಣದಲ್ಲಿ ಇಂಟಿಗ್ರಿನ್ ಎಂಬ ಕೊಂಡಿಗಳು ಮಡಿಕೆ ಬಿಚ್ಚಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಕಣ ನಿಲ್ಲುತ್ತದೆ. ಆಮೇಲೆ ಗೋಡೆಯ ಎರಡು ಕೋಶಗಳ ಸಂದಿಯಲ್ಲಿ ಮೈ ತೂರಿಸಿ ಹೊರಬರುತ್ತದೆ. ಇದೆಲ್ಲ ನಡೆಯುವುದು ಲೋಮನಾಳ ಮುಗಿದು ಅಭಿಧಮನಿ ಶುರುವಾಗುವ ಕಿರುನಾಳಗಳಲ್ಲಿ, ಅಲ್ಲಿ ರಕ್ತದ ಓಟ ಅಷ್ಟು ಬಿರುಸಿಲ್ಲ.

ಈ ಹಂತಗಳಲ್ಲಿ ಒಂದು ತಪ್ಪಿದರೂ ಏನಾಗುತ್ತದೆಂದು ತೋರಿಸುವ ಅಪರೂಪದ ಕಾಯಿಲೆಯಿದೆ. ಕೆಲವು ಮಕ್ಕಳು ಇಂಟಿಗ್ರಿನ್ ಕೊಂಡಿಯ ದೋಷದೊಂದಿಗೇ ಹುಟ್ಟುತ್ತವೆ. ಹೊಕ್ಕುಳಬಳ್ಳಿ ವಾರಗಟ್ಟಲೆ ಬೀಳುವುದಿಲ್ಲ, ಸೋಂಕಾದರೂ ಕೀವಾಗುವುದಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಬಿಳಿ ಕಣಗಳು ಕಡಿಮೆಯಿಲ್ಲ, ವಿಪರೀತ ಹೆಚ್ಚು. ಇಳಿಯಲಾಗದೆ ರಕ್ತದಲ್ಲೇ ಸುತ್ತುತ್ತಿರುವ ಕಣಗಳ ಲೆಕ್ಕ ಅದು.

ಹೊರಬಂದ ಕಣ ಅಂಗಾಂಶದಲ್ಲಿ ತೆವಳುತ್ತದೆ. ಬಿಳಿ ಕಣಗಳ ಇನ್ನೊಂದು ಬಗೆಯಾದ ನ್ಯೂಟ್ರೋಫಿಲ್ ಕಣದ ವೇಗ ನಿಮಿಷಕ್ಕೆ ಸುಮಾರು ಹತ್ತು ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರ್ ದಾಟಲು ಒಂದೂವರೆ ತಾಸಿನ ಮೇಲೆ. ಎರಡು ದಿನದ ತಡ ಈಗ ಅರ್ಥವಾಗಬೇಕು. ಎಣ್ಣೆಯನ್ನು ಗುರುತು ಹಿಡಿಯುವ ಟಿ-ಕಣಗಳು ಮೊದಲು ಕೆಲವೇ ಕೆಲವು ಬರುತ್ತವೆ. ಅವು ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶದ ಅಣುವನ್ನು ಸುರಿಸುತ್ತವೆ. ಅದು ತಾಗಿದ ಚರ್ಮದ ಕೋಶಗಳೇ ಹೊಸ ಕೀಮೊಕೈನುಗಳನ್ನು ತಯಾರಿಸಿ ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಹೀಗೆ ಒಂದರಿಂದ ಒಂದು ಬೆಳೆದು ಕಣ್ಣಿಗೆ ಕಾಣುವಷ್ಟಾಗಲು 24ರಿಂದ 48 ತಾಸು ಬೇಕು. ಬಂದ ಕಣಗಳು ಮೇಲ್ಚರ್ಮದ ಕೋಶಗಳನ್ನು ಸಾಯಿಸುತ್ತವೆ, ಅವುಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಬಿರುಕಿನಲ್ಲಿ ದ್ರವ ತುಂಬಿ ಗುಳ್ಳೆಯೇಳುತ್ತದೆ. ಗುಳ್ಳೆಯ ನೀರು ನಮ್ಮ ರಕ್ತದಿಂದಲೇ ಜಿನುಗಿದ್ದು, ಅದರಲ್ಲಿ ಕಾಜಿನ ಎಣ್ಣೆ ಇರುವುದಿಲ್ಲ. ‘ನೀರು ಹರಿದಲ್ಲೆಲ್ಲ ನಂಜು ಹಬ್ಬುತ್ತದೆ’ ಎಂಬ ಮಾತು ನಿಜವಲ್ಲ. ದಿನ ಕಳೆದಂತೆ ಹೊಸ ಜಾಗದಲ್ಲಿ ಗುಳ್ಳೆ ಕಾಣುವುದು, ಅಲ್ಲಿ ಎಣ್ಣೆ ಕಡಿಮೆ ತಾಗಿತ್ತು ಅಥವಾ ಚರ್ಮ ದಪ್ಪವಿತ್ತು, ಕಣಗಳು ನಿಧಾನವಾಗಿ ಸೇರಿದವು ಎಂಬ ಕಾರಣಕ್ಕೆ. ಇಲ್ಲವೆ ಉಗುರು, ಬಟ್ಟೆಗಳಲ್ಲಿ ಎಣ್ಣೆ ಇನ್ನೂ ಉಳಿದಿತ್ತು ಎಂಬ ಕಾರಣಕ್ಕೆ.

ಚರ್ಮವೈದ್ಯರು ಮಾಡುವ ಪ್ಯಾಚ್ ಟೆಸ್ಟ್ ಈ ಪಯಣದ ಪ್ರಯೋಗವೇ. 1895ರಲ್ಲಿ ಯೋಸೆಫ್ ಯಾಡಸ್ಸೋನ್ ಶುರುಮಾಡಿದ ಈ ಪರೀಕ್ಷೆಯಲ್ಲಿ, ಅನುಮಾನದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ ಎರಡು ದಿನ ಬಿಡುತ್ತಾರೆ, ತೆಗೆದ ಮೇಲೆ ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಬೆಳಗಾವಿಗೆ ದೂರದ ಹಳ್ಳಿಯಿಂದ ಬಂದವರು ‘ಎರಡೆರಡು ಸಲ ಯಾಕೆ ಬರಬೇಕ್ರಿ’ ಎಂದು ಬೇಸರಿಸುವುದು ಸಹಜ. ಡಾಕ್ಟರರು ಕಾಯುತ್ತಿರುವುದು ಕಣಗಳಿಗಾಗಿ.

ಭಾರತದ ಪ್ಯಾಚ್ ಟೆಸ್ಟ್ ಪಟ್ಟಿಯಲ್ಲಿ ಒಂದು ಗಿಡಕ್ಕೆ ಖಾಯಂ ಜಾಗವಿದೆ: ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಕಸ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಈ ಅಮೆರಿಕದ ಕಳೆ, ಈಗ ಬೆಳಗಾವಿಯ ಖಾಲಿ ಸೈಟುಗಳಿಂದ ಹಿಡಿದು ಹೊಲದ ಬದುವಿನವರೆಗೆ ಹಬ್ಬಿದೆ. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರೂ ಕಳೆ ಸೋಲಲಿಲ್ಲ. ಇದರ ಪಾರ್ಥೇನಿನ್ ಎಂಬ ವಸ್ತು ಒಣಗಿದ ಗಿಡದ ಪುಡಿಯೊಂದಿಗೆ ಗಾಳಿಯಲ್ಲಿ ಹಾರಿ ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ. ಮುಟ್ಟದವರಿಗೂ ತಾಗುತ್ತದೆ, ವರ್ಷಗಟ್ಟಲೆ ತಾಗುತ್ತಲೇ ಇರುತ್ತದೆ. ಕಾಜಿನ ಎಣ್ಣೆಯಂತೆ ತೊಳೆದು ದೂರವಿರುವ ಅವಕಾಶವಿಲ್ಲದ್ದರಿಂದ ಇದರ ಇಸಬು ಎಷ್ಟೋ ಪಟ್ಟು ಕ್ರೂರ. ಕಣಗಳ ದಾರಿ ಮಾತ್ರ ಅದೇ.

ಸೋರಿಯಾಸಿಸ್‌ನಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಹೊರಗಿನ ವಸ್ತು ಬೇಕಿಲ್ಲ. ಟಿ-ಕಣಗಳು ಸುರಿಸುವ ಐಎಲ್-17 ಎಂಬ ಸಂದೇಶದ ಅಣುವಿನ ಪ್ರಭಾವದಲ್ಲಿ ಚರ್ಮದ ಕೋಶಗಳು ನ್ಯೂಟ್ರೋಫಿಲ್‌ಗಳನ್ನು ಕರೆಯುವ ಅಣುಗಳನ್ನು ಹೊರಡಿಸುತ್ತವೆ. ಬಂದ ನ್ಯೂಟ್ರೋಫಿಲ್‌ಗಳು ಚರ್ಮದ ಮೇಲ್ಪದರದಲ್ಲಿ ಗುಂಪಾಗಿ ಸಾಯುತ್ತವೆ, ಯಾವ ಸೂಕ್ಷ್ಮಾಣುವೂ ಇಲ್ಲದ ಸಣ್ಣ ಕೀವುಗುಳ್ಳೆಗಳಾಗುತ್ತವೆ. ಕಣಗಳನ್ನು ಇಳಿಯದಂತೆ ತಡೆದುಬಿಟ್ಟರೆ ಕಾಯಿಲೆಯೇ ಇಲ್ಲವಲ್ಲ ಎಂಬ ಆಲೋಚನೆ ಸಹಜವಾಗಿಯೇ ಬಂತು. ಎಫಾಲಿಜುಮ್ಯಾಬ್ ಎಂಬ ಔಷಧಿ ಎಲ್‌ಎಫ್‌ಎ-1 ಎಂಬ ಇಂಟಿಗ್ರಿನ್ ಕೊಂಡಿಯನ್ನು ಮುಚ್ಚುತ್ತಿತ್ತು. 2003ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಸೋರಿಯಾಸಿಸ್ ತಗ್ಗಿತು, ರಕ್ತದಲ್ಲಿ ಬಿಳಿ ಕಣಗಳ ಲೆಕ್ಕ ಏರಿತು. ಆದರೆ ಕಣಗಳಿಗೆ ಮಿದುಳಿನ ದಾರಿಯೂ ಮುಚ್ಚಿತ್ತು. ಬಹುಪಾಲು ಜನರ ದೇಹದಲ್ಲಿ ಸುಮ್ಮನೆ ಮಲಗಿರುವ ಜೆಸಿ ವೈರಸ್ ಕೆಲವು ರೋಗಿಗಳ ಮಿದುಳಿನಲ್ಲಿ ಎದ್ದು ಪ್ರಾಣ ತೆಗೆಯಿತು. 2009ರಲ್ಲಿ ಔಷಧಿಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಈಗಿನ ಔಷಧಿಗಳು ಎಲ್ಲ ಕಣಗಳ ಎಲ್ಲ ದಾರಿಯನ್ನೂ ಕಟ್ಟುವುದಿಲ್ಲ, ಐಎಲ್-17ರಂಥ ಒಂದೊಂದು ಕರೆಯನ್ನು ಮಾತ್ರ ಅಡಗಿಸುತ್ತವೆ. ಬೆಲೆ ಇನ್ನೂ ಬಡವರ ಕೈಗೆಟುಕುವಂಥದ್ದಲ್ಲ.

ಪಯಣ ಮುಗಿಸಿದ ಎಲ್ಲ ಕಣಗಳೂ ಸಾಯುವುದಿಲ್ಲ, ಮರಳುವುದೂ ಇಲ್ಲ. ವಯಸ್ಕರ ಚರ್ಮದಲ್ಲಿ ಸುಮಾರು 2,000 ಕೋಟಿ ಟಿ-ಕಣಗಳು ನೆಲೆಸಿವೆ, ಇದು ಇಡೀ ರಕ್ತದಲ್ಲಿರುವುದರ ಎರಡರಷ್ಟು ಎಂದು ಹಾರ್ವರ್ಡ್‌ನ ರೇಚಲ್ ಕ್ಲಾರ್ಕ್ ಮತ್ತು ಸಂಗಡಿಗರು 2006ರಲ್ಲಿ ಲೆಕ್ಕಹಾಕಿದರು. ವಾಸಿಯಾದ ಇಸಬು ಮತ್ತೆ ಅದೇ ಜಾಗದಲ್ಲಿ ಕೆರಳುವುದು, ಕೆಲವು ಮಾತ್ರೆ ನುಂಗಿದಾಗಲೆಲ್ಲ ಅದೇ ತುಟಿಯ ಅಂಚಿನಲ್ಲಿ ಅದೇ ಕಪ್ಪು ಕಲೆಯೇಳುವುದು ಈ ನೆಲೆಸಿದ ಕಣಗಳಿಂದ.

ಔಷಧಿ ಅಂಗಡಿಯ ಸ್ಟೀರಾಯ್ಡ್ ಮುಲಾಮು ಒಂದೆರಡು ದಿನದಲ್ಲಿ ಕೆಂಪು ಇಳಿಸುತ್ತದಲ್ಲ, ಅದರ ಗುಟ್ಟೂ ಇಲ್ಲಿಯೇ ಇದೆ. ಅದು ಕರೆಯ ಅಣುಗಳ ತಯಾರಿಕೆಯನ್ನೂ ರಕ್ತನಾಳದ ಗೋಡೆಯ ಹಿಡಿಗಳನ್ನೂ ಅಡಗಿಸುತ್ತದೆ, ಕಣಗಳು ಇಳಿಯುವುದಿಲ್ಲ. ಕಾಜಿನ ಗುಳ್ಳೆಗೆ ವೈದ್ಯರು ಬರೆದುಕೊಟ್ಟರೆ ಅದು ಒಳ್ಳೆಯ ಔಷಧಿ. ಅದೇ ಟ್ಯೂಬನ್ನು ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ನಿಂತಂತೆ ಕಂಡು ಶಿಲೀಂಧ್ರ ತಡೆಯಿಲ್ಲದೆ ಹಬ್ಬುತ್ತದೆ, ಏಕೆಂದರೆ ಅಲ್ಲಿ ಕಣಗಳು ಬರಲೇಬೇಕಿತ್ತು. ದೇಶದ ತುಂಬ ವಾಸಿಯಾಗದ ಹುಳುಕಡ್ಡಿ ಹಬ್ಬಿದ್ದಕ್ಕೆ ಈ ಮುಲಾಮುಗಳ ದುರುಪಯೋಗವೂ ಒಂದು ಕಾರಣ. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅಂಗಡಿಗಳಲ್ಲಿ ಆ ನಿಯಮ ಎಷ್ಟು ನಡೆಯುತ್ತದೆ ಎಂಬುದನ್ನು ಓದುಗರೇ ಬಲ್ಲರು.

ಕಣಗಳ ಓಟವನ್ನು ಶುರುವಾಗುವ ಮೊದಲೇ ತಪ್ಪಿಸುವುದು ಎಲ್ಲಕ್ಕಿಂತ ಅಗ್ಗ. ಇಂಥ ಎಣ್ಣೆ ಚರ್ಮದೊಳಕ್ಕೆ ಇಳಿಯಲು ನಿಮಿಷಗಳು ಸಾಕು. ಹತ್ತು ನಿಮಿಷದೊಳಗೆ ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆದರೆ ಬಹಳಷ್ಟು ಹೋಗುತ್ತದೆ, ಒಂದು ತಾಸಿನ ಮೇಲೆ ತೊಳೆದರೆ ಹೆಚ್ಚಿನ ಫಲವಿಲ್ಲ. ಕಾಜು ಕಾರ್ಖಾನೆ ನಡೆಸುವವರು ಕೈಗವಸು ಕೊಡಲಿ. ಕೈಗವಸಿನಲ್ಲಿ ಬೀಜ ಹಿಡಿಯಲು ಬರುವುದಿಲ್ಲವೆಂದರೆ ಔಡಲ ಎಣ್ಣೆ ಕೊಡಲಿ. ಒಡೆಯುವ ಮಣೆಯಿಂದ ನಾಲ್ಕು ಹೆಜ್ಜೆಯೊಳಗೆ ಒಂದು ನಲ್ಲಿ, ಒಂದು ಸಾಬೂನು ಇಡಿಸಲಿ, ತೊಳೆದುಕೊಳ್ಳಲು ಎದ್ದವಳ ಕೂಲಿ ಹಿಡಿಯದಿರಲಿ.